ತೋಟದ ಮನೆಯ ಗೋಡೆ ಲ್ಯಾಬಿಗೆ ಹೋದದ್ದು

ನಮ್ಮಾಕೆಯ ಮಂಡಿಯ ಎಕ್ಸ್‌ರೇ ಫಿಲ್ಮನ್ನು ನಾನು ಕತ್ತರಿಸಿದ್ದಕ್ಕೆ ಮನೆಯಲ್ಲಿ ಎರಡು ದಿನ ಮಾತುಕತೆ ಬಂದ್ ಆಗಿತ್ತು. "ಮುಂದಿನ ಸಲ ಡಾಕ್ಟ್ರು ಹಳೇ ಎಕ್ಸ್‌ರೇ ಎಲ್ಲಿ ಅಂದ್ರೆ ಏನ್ರೀ ತೋರಿಸ್ಲಿ, ಕಿಟಕಿ ಬಿದ್ದಿರೋ ಮಂಡೀನಾ?" ಅನ್ನುವುದು ಅವಳ ಕೊನೆಯ ಮಾತು. ನನಗೆ ಬೇಕಿದ್ದದ್ದು ಒಂದು ಚೌಕಟ್ಟು: ನಡುವೆ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲ ತೆರೆದಿರಬೇಕು. ರಟ್ಟಿನಲ್ಲಿ ಮಾಡಿದರೆ ಒದ್ದೆ ತಾಗಿ ಮೆತ್ತಗಾಗುತ್ತದೆ. ಎಕ್ಸ್‌ರೇ ಫಿಲ್ಮು ಬಾಗುತ್ತದೆ, ನೆನೆಯುವುದಿಲ್ಲ, ಗೋಡೆಗೆ ಅಂಟಿದಂತೆ ಕೂರುತ್ತದೆ. ಅವಳ ಎರಡು ಮಂಡಿ, ಸಾಲದ್ದಕ್ಕೆ ಕೋವಿಡ್ ಕಾಲದಲ್ಲಿ ತೆಗೆಸಿದ್ದ ನನ್ನ ಎದೆ, ಎಲ್ಲ ಸೇರಿ ಎಂಟು ಚೌಕಟ್ಟು ಹೊರಟವು. ಒಂದು ಜಾಗಕ್ಕೆ ಒಂದು.

ಅದನ್ನು ಗೋಡೆಗೆ ಒತ್ತಿ ಹಿಡಿದು, ಒಳಗಿನ ನೂರು ಚದರ ಸೆಂಟಿಮೀಟರ್ ಜಾಗವನ್ನು ಮಾತ್ರ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಒರೆಸಬೇಕು. ಆ ಬಟ್ಟೆಯಲ್ಲಿ ಮೆತಾಂಫೆಟಮಿನ್, ಅಂದರೆ ಮೆತ್ ಎಂಬ ಮಾದಕವಸ್ತು, ಎಷ್ಟು ಅಂಟಿ ಬಂದಿದೆ ಎಂದು ನೋಡಿಸಬೇಕು. ಬಾಡಿಗೆ ಮನೆ ಇಟ್ಟುಕೊಂಡವರು ನಲ್ಲಿ ಸೋರುತ್ತಾ, ಬಾಗಿಲಿಗೆ ಗೆದ್ದಲು ಹಿಡಿದಿದೆಯಾ ಅಂತ ನೋಡುತ್ತಾರೆ. ನನಗೆ ಇದನ್ನು ನೋಡುವ ಗತಿ ಬಂತು.

ಮನೆ ಇರುವುದು ತುಮಕೂರಿನ ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ ಕಡೆ ಹೋಗುವಾಗ, ಹೆದ್ದಾರಿಯಿಂದ ಒಳಕ್ಕೆ ಒಂದೂವರೆ ಕಿಲೋಮೀಟರ್. ಒಂದು ಎಕರೆ ತೆಂಗು, ನಡುವೆ ಅಪ್ಪ ಕಟ್ಟಿಸಿದ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಹಿಂದೆ ಬಚ್ಚಲು. ನಾವಿರುವುದು ಊರೊಳಗೆ, ಸರಸ್ವತಿಪುರಂನಲ್ಲಿ. ನಾನು ಟೆಲಿಫೋನ್ ಇಲಾಖೆಗೆ ಸೇರಿ, ಅದು ಬಿಎಸ್‌ಎನ್‌ಎಲ್ ಆದದ್ದನ್ನೂ ನೋಡಿ, 2020ರ ಜನವರಿ 31ರಂದು ದೇಶದ ತುಂಬ ಒಟ್ಟಿಗೆ ವಿಆರ್‌ಎಸ್ ತಗೊಂಡು ಮನೆಗೆ ಹೋದವರಲ್ಲಿ ಒಬ್ಬ. ಕೇಬಲ್ ಟೆಸ್ಟ್ ಮಾಡುವುದೇ ನನ್ನ ಕೆಲಸವಾಗಿತ್ತು. ಈ ವಿಷಯ ಯಾಕೆ ಹೇಳಿದೆ ಅನ್ನುವುದು ಮುಂದೆ ಬರುತ್ತದೆ.

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನೆಗೆ ಏಳೆಂಟು ಸಾವಿರ ಬಾಡಿಗೆ ಬಂದರೆ ಹೆಚ್ಚು. ಇಬ್ಬರು ಹುಡುಗರು ಬಂದರು, ವರ್ಕ್ ಫ್ರಂ ಹೋಮ್ ಅಂದರು, ಸದ್ದುಗದ್ದಲ ಇಲ್ಲದ ಜಾಗ ಬೇಕು ಅಂದರು, ನಾನು ಬಾಯಿ ತೆಗೆಯುವ ಮೊದಲೇ ಹನ್ನೆರಡು ಸಾವಿರ ಅಂದರು. ಐವತ್ತು ಸಾವಿರ ಅಡ್ವಾನ್ಸು. ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಆಧಾರ್ ಜೆರಾಕ್ಸ್ ಲಗತ್ತಿಸಿದೆ. ಪೊಲೀಸ್ ವೆರಿಫಿಕೇಷನ್ ಮಾಡಿಸಲಿಲ್ಲ. ಪ್ರತಿ ತಿಂಗಳು 3ನೇ ತಾರೀಖು ಫೋನಿಗೆ ದುಡ್ಡು ಬಂದು ಬೀಳುತ್ತಿತ್ತು. ಹನ್ನೆರಡು ಸಾವಿರ ಯಾಕೆ ಕೊಡುತ್ತಿದ್ದಾರೆ ಎಂದು ಯೋಚಿಸುವ ಗೋಜಿಗೇ ನಾನು ಹೋಗಲಿಲ್ಲ.

ಶ್ರಾವಣದ ಒಂದು ರಾತ್ರಿ ಹನ್ನೊಂದೂವರೆಗೆ ಸ್ಟೇಷನ್ನಿನಿಂದ ಫೋನ್. ಹೋಗುವಷ್ಟರಲ್ಲಿ ಹುಡುಗರನ್ನು ಜೀಪಿಗೆ ಹತ್ತಿಸಿದ್ದರು. ರೂಮಿನ ಕಿಟಕಿಗೆ ಒಳಗಿನಿಂದ ಪೇಪರು, ಅದರ ಮೇಲೆ ಕಂದು ಟೇಪು. ಟೀಪಾಯಿಯ ಮೇಲೆ ಸುಟ್ಟ ಕಪ್ಪು ಕಲೆ, ಬುರುಡೆ ಇರುವ ಗಾಜಿನ ಕೊಳವೆ, ಪುಟ್ಟ ತಕ್ಕಡಿ. ಸಿಕ್ಕಿದ್ದು ಕೆಲವೇ ಗ್ರಾಂ. ಮಾದಕವಸ್ತುಗಳಿಗೆಂದೇ ಇರುವ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದಲ್ಲಿ ಮೆತಾಂಫೆಟಮಿನ್ 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ದಾಟಿದರೆ ಕಮರ್ಷಿಯಲ್, ಇವರದು ನಡುವಿನದು ಅಂತ ಮಹಜರು ಬರೆಯುತ್ತಿದ್ದವರು ಹೇಳಿದರು. ಅದೇ ಕಾಯ್ದೆಯ 25ನೇ ಸೆಕ್ಷನ್ನು ನನ್ನಂಥವರಿಗೆ. ಗೊತ್ತಿದ್ದೂ ಮನೆ ಬಿಟ್ಟುಕೊಟ್ಟ ಓನರಿಗೂ ಶಿಕ್ಷೆ ಇದೆ. "ಗೊತ್ತಿತ್ತಾ?" ಎಂದು ಮೂರು ಬೇರೆ ಬೇರೆ ಅಧಿಕಾರಿಗಳು ಮೂರು ಬೇರೆ ಬೇರೆ ದಿನ ಕೇಳಿದರು. ಬ್ಯಾಂಕ್ ಸ್ಟೇಟ್‌ಮೆಂಟು, ಅಗ್ರಿಮೆಂಟು, ಫೋನ್ ಮೆಸೇಜು ಎಲ್ಲ ಕೊಟ್ಟೆ. ಆ ಮೂರು ತಿಂಗಳ ಅಲೆದಾಟವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಕೊನೆಗೆ ನಾನು ಸಾಕ್ಷಿಯಾಗಿ ಉಳಿದೆ, ಮನೆಯ ಬೀಗ ಕೈಗೆ ಬಂತು.

ಬೀಗ ಬಂದ ವಾರವೇ ಒಂದು ದಂಪತಿ ಮನೆ ಕೇಳಿಕೊಂಡು ಬಂದರು. ಮಧುಗಿರಿ ಕಡೆಯವರು, ಆತನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಒಂಬತ್ತು ತಿಂಗಳ ಮಗು. ತಾಯಿ ಮಗುವನ್ನು ಹಾಲಿನ ರೆಡ್‌ಆಕ್ಸೈಡ್ ನೆಲದ ಮೇಲೆ ಬಿಟ್ಟಳು. ಅದು ತೆವಳಿಕೊಂಡು ನೇರ ರೂಮಿಗೆ ಹೋಗಿ, ಗೋಡೆ ಕಪಾಟಿನ ಬಾಗಿಲಿಗೆ ಅಂಗೈ ಊರಿ ಎದ್ದು ನಿಂತು, ಆ ಕೈಯನ್ನು ಬಾಯಿಗೆ ಹಾಕಿಕೊಂಡಿತು. ಒಂದು ವಾರ ಬಿಟ್ಟು ಹೇಳ್ತೀನಿ ಅಂದೆ. ಮೂಗಿಗೆ ಯಾವ ವಾಸನೆಯೂ ಇರಲಿಲ್ಲ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಆ ಕೈ ಮನಸ್ಸಿನಿಂದ ಹೋಗಲಿಲ್ಲ.

ಮಗಳು ಇರುವುದು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ. ಭಾನುವಾರದ ವಿಡಿಯೋ ಕಾಲಿನಲ್ಲಿ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅಪ್ಪಾ, ಮೊದ್ಲು ಇದು ಹೇಳಿ. ಅಲ್ಲಿ ಬರೀ ಸೇದ್ತಿದ್ರಾ, ಇಲ್ಲ ತಯಾರಿಸ್ತಿದ್ರಾ?" ಅಂದಳು. ಅವರು ಅಲ್ಲಿ ಮನೆ ಕೊಳ್ಳುವಾಗ ಗೋಡೆ ಬಿರುಕು, ಛಾವಣಿ ಎಲ್ಲದರ ಜೊತೆ ಮೆತ್ ಟೆಸ್ಟನ್ನೂ ಮಾಡಿಸಿದ್ದರಂತೆ. ಸೇದುವುದಕ್ಕೂ ತಯಾರಿಸುವುದಕ್ಕೂ ಅಜಗಜಾಂತರ ಎಂದು ಅವಳು ವಿವರಿಸಿದಳು. ತಯಾರಿಸಿದ ಮನೆಯಾದರೆ ಗೋಡೆಗೆ ಹತ್ತಿದ ಮೆತ್ ಒಂದು ಭಾಗ ಮಾತ್ರ, ಅದರ ಜೊತೆ ದ್ರಾವಕ, ಆಸಿಡ್ಡು, ಅಯೋಡಿನ್ನು ಇವೆಲ್ಲ ನೆಲಕ್ಕೂ ಚರಂಡಿಗೂ ಇಳಿದಿರುತ್ತವೆ. ಆಗ ಬರೀ ಗೋಡೆ ಒರೆಸಿದರೆ ಏನೂ ತಿಳಿಯುವುದಿಲ್ಲ. ಮಹಜರಿನಲ್ಲಿ ಪಾತ್ರೆ, ಕ್ಯಾನು, ಕೆಮಿಕಲ್ಲು ಏನೂ ಇರಲಿಲ್ಲ. ಆದರೂ ನಾನು ಮಾರನೆಯ ದಿನ ಹೋಗಿ ಸಿಂಕಿನ ಕೆಳಗಿನ ಪೈಪು ಬಿಚ್ಚಿ ನೋಡಿದೆ, ನಲ್ಲಿಯ ಕಬ್ಬಿಣ ತಿಂದುಹೋಗಿದೆಯಾ ನೋಡಿದೆ, ಗೋಡೆ ಮೇಲೆ ಹಳದಿ ಕಂದು ಕಲೆ ಹುಡುಕಿದೆ, ಇಂಗುಗುಂಡಿಯ ಚಪ್ಪಡಿ ಸರಿಸಿದೆ. ತೋಟ ನೋಡಿಕೊಳ್ಳುವ ತಾತ "ಅದ್ರಾಗೆ ಏನಿರ್ತೈತೆ ಸಾಮಿ, ಹೇಲು" ಅಂದ. ಬಚ್ಚಲ ನೀರು ಹೋಗುವ ಕಡೆಯ ಬಾಳೆ ಸೊಂಪಾಗಿ ಗೊನೆ ಬಿಟ್ಟಿತ್ತು. ಬರೀ ಸೇದಿದ ಮನೆ ಅಂತ ಇಟ್ಟುಕೊಂಡೆವು.

ಮಗಳು ಇನ್ನೊಂದು ಕಥೆ ಹೇಳಿದಳು, ಅದನ್ನು ಆಗ ನಾನು ಅರ್ಧ ಕಿವಿಯಲ್ಲಿ ಕೇಳಿದೆ. ಅದು ಮುಂದಕ್ಕಿರಲಿ.

ಲ್ಯಾಬ್ ಹುಡುಕುವ ಕೆಲಸ ಶುರುವಾಯಿತು. ನೀರು ಟೆಸ್ಟ್ ಮಾಡುವವರಿಗೆ ಫೋನ್ ಮಾಡಿದರೆ "ಗೋಡೆಯಲ್ಲಿ ನೀರಿನ ಅಂಶ ನೋಡಬೇಕಾ ಸಾರ್?" ಅಂದರು. ಬೆಂಗಳೂರಿನ ಮಡಿವಾಳದಲ್ಲಿರುವ ಸರ್ಕಾರಿ ವಿಧಿವಿಜ್ಞಾನ ಲ್ಯಾಬು ಎಫ್‌ಎಸ್‌ಎಲ್‌ನಲ್ಲಿ ಇದು ಆಗುತ್ತದೆ, ಆದರೆ ಅಲ್ಲಿಗೆ ಪೊಲೀಸರೋ ಕೋರ್ಟೋ ಕಳಿಸಬೇಕು, ನನ್ನಂಥವನು ಡಬ್ಬಿ ಹಿಡಿದುಕೊಂಡು ಹೋದರೆ ಆಗದು. ಪೀಣ್ಯದ ಒಂದು ಖಾಸಗಿ ಲ್ಯಾಬಿನ ಹುಡುಗಿ ಮಾತ್ರ ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದಳು: "ಮಿಷನ್ ಇದೆ ಸಾರ್, ಎಲ್‌ಸಿ-ಎಂಎಸ್. ಆದ್ರೆ ನಮ್ಮತ್ರ ಅದರ ಸ್ಟ್ಯಾಂಡರ್ಡ್ ಇಲ್ಲ." ಸ್ಟ್ಯಾಂಡರ್ಡ್ ಅಂದರೆ ಅಳತೆಗೆ ಹೋಲಿಸಲು ಬೇಕಾದ ಶುದ್ಧ ಮೆತಾಂಫೆಟಮಿನ್. ತೂಗಬೇಕಾದರೆ ಬಟ್ಟು ಬೇಕು, ಇಲ್ಲಿ ಬಟ್ಟೇ ನಿಷೇಧಿತ ವಸ್ತು. ಅದನ್ನು ಇಟ್ಟುಕೊಳ್ಳಲು ಪರವಾನಗಿ, ರಿಜಿಸ್ಟರು, ಬೀಗ. ಔಷಧ ಕಂಪನಿಗಳ ಕೆಲಸ ಮಾಡುವ ಇನ್ನೊಂದು ಲ್ಯಾಬಿನ ವಿಳಾಸ ಅವಳೇ ಕೊಟ್ಟಳು. ಅವರು ಒಪ್ಪಿದರು. ಒಂದು ಸ್ಯಾಂಪಲ್ಲಿಗೆ 4,500 ರೂಪಾಯಿ, ಮೇಲೆ ಜಿಎಸ್‌ಟಿ.

4,500 ಅಂದ ಮೇಲೆ ಸಿಕ್ಕ ಸಿಕ್ಕ ಕಡೆ ಒರೆಸುವಂತಿಲ್ಲ. ಎಲ್ಲಿ ಒರೆಸಬೇಕು ಎಂದು ಮೊದಲೇ ಒಂದು ಅಂದಾಜು ಬೇಕು. ಇಲ್ಲಿ ನನಗೆ ಕೈಹಿಡಿದವರು ಪಕ್ಕದ ಬೀದಿಯ ಮೇಷ್ಟ್ರು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು, ಬೆಳಿಗ್ಗೆ ಅಮಾನಿಕೆರೆ ಸುತ್ತುವಾಗ ಜೊತೆಗಾರರು. ವಿಷಯ ಕೇಳಿದ್ದೇ ಮೂವತ್ತು ವರ್ಷ ಚಿಕ್ಕವರಾದರು. ಅವರು ಮೊದಲು ಮಾಡಿಸಿದ ಕೆಲಸ, ತನಿಖಾಧಿಕಾರಿಗೆ ಒಂದು ಪತ್ರ ಬರೆಸಿದ್ದು. ಬೀಗ ಕೊಟ್ಟ ಮನೆಯ ಗೋಡೆಯನ್ನು ಸ್ವಚ್ಛತೆಯ ಉದ್ದೇಶಕ್ಕಾಗಿ ಪರೀಕ್ಷೆ ಮಾಡಿಸುತ್ತಿದ್ದೇನೆ ಎಂದು ಎರಡು ಪ್ರತಿ, ಒಂದರ ಮೇಲೆ ಸ್ಟೇಷನ್ನಿನ ಸ್ವೀಕೃತಿ ಸೀಲು. "ನಾಳೆ ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಬ್ಯಾಗ್ ತೆಗೆದು ನೋಡಿದ್ರೆ ನಾನು ನಿಮ್ಮನ್ನ ನೋಡೇ ಇಲ್ಲ ಅಂತೀನಿ" ಅಂತ ಬೇರೆ ಹೇಳಿದರು.

ಆಮೇಲೆ ಪಟ್ಟಿ. ಮೂತ್ರದಲ್ಲಿ ಮಾದಕವಸ್ತು ಇದೆಯಾ ನೋಡುವ ಪ್ಲಾಸ್ಟಿಕ್ ಪಟ್ಟಿಗಳು ಆನ್‌ಲೈನಲ್ಲಿ ಸಿಗುತ್ತವೆ. ಗರ್ಭ ಪರೀಕ್ಷೆಯ ಪಟ್ಟಿಯಂತೆಯೇ ಇರುತ್ತವೆ. ಮೆತ್‌ಗೆ ಅಂತಲೇ ಇರುವ ಪಟ್ಟಿಯ ಕವರಿನ ಮೇಲೆ ಒಂದು ಮಿಲೀಗೆ 1000 ನ್ಯಾನೋಗ್ರಾಂ ಎಂದಿತ್ತು. ಅದಕ್ಕಿಂತ ಹೆಚ್ಚಿದ್ದರೆ ಪಟ್ಟಿ ಹೇಳುತ್ತದೆ, ಕಡಿಮೆಯಿದ್ದರೆ ಸುಮ್ಮನಿರುತ್ತದೆ. ಮೇಷ್ಟ್ರು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದರು: ನೂರು ಚದರ ಸೆಂಟಿಮೀಟರ್ ಒರೆಸಿದ ಬಟ್ಟೆಯನ್ನು 2 ಮಿಲೀ ನೀರಿನಲ್ಲಿ ಹಿಂಡಿದರೆ, ಪಟ್ಟಿ ಹೇಳಲು 2000 ನ್ಯಾನೋಗ್ರಾಂ ಬೇಕು, ಅಂದರೆ 2 ಮೈಕ್ರೋಗ್ರಾಂ. ಗೋಡೆಯಲ್ಲಿರುವುದೆಲ್ಲ ಬಟ್ಟೆಗೆ ಬರುವುದಿಲ್ಲ, ಬಟ್ಟೆಯಲ್ಲಿರುವುದೆಲ್ಲ ನೀರಿಗೆ ಬರುವುದಿಲ್ಲ, ಹಾಗಾಗಿ ಗೋಡೆಯಲ್ಲಿ ನಾಲ್ಕೋ ಐದೋ ಇದ್ದರೆ ಮಾತ್ರ ಪಟ್ಟಿಗೆ ತಿಳಿಯುತ್ತದೆ. "ಇದು ಟೆಸ್ಟ್ ಅಲ್ಲ, ನಾಯಿ ಮೂಸಿ ನೋಡಿದ ಹಾಗೆ. ಬೊಗಳಿದ ಕಡೆ ದುಡ್ಡು ಖರ್ಚು ಮಾಡಿ" ಅಂದರು. ಇದನ್ನು ಯಾರಾದರೂ ಮಾಡಹೊರಟರೆ ಒಂದು ಮಾತು: ಪಟ್ಟಿ ಸುಮ್ಮನಿದ್ದರೆ ಮನೆ ಶುದ್ಧ ಎಂದು ಅರ್ಥವಲ್ಲ. ನೆಗಡಿ ಮಾತ್ರೆಯಲ್ಲಿರುವ ಸ್ಯೂಡೋಎಫೆಡ್ರಿನ್ ಥರದ್ದು ಹೆಚ್ಚಿದ್ದರೂ ಪಟ್ಟಿ ಬೊಗಳಬಹುದು.

ಒಂದು ಶನಿವಾರ ಬೆಳಿಗ್ಗೆ ಮೂವರೂ ಹೋದೆವು. ನಮ್ಮಾಕೆ ಚಟ್ನಿ ಪುಡಿ, ಚಪಾತಿ ಕಟ್ಟಿಕೊಂಡು ಬಂದಿದ್ದಳು. ಹೊರಗಿನ ಕಟ್ಟೆಯ ಮೇಲೆ ಕೂತು ತಿನ್ನಬೇಕು, ಒಳಗೆ ತಿನ್ನಕೂಡದು ಎಂದು ಮೇಷ್ಟ್ರ ಆಜ್ಞೆ. ಪಟ್ಟಿಗೆ ಸ್ಪಿರಿಟ್ ಆಗದು, ಅದಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಲ್ಯಾಬಿನ ಸ್ಯಾಂಪಲ್ಲಿಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಅದನ್ನು ನಾನು ತಂದದ್ದು ಮೊಬೈಲ್ ರಿಪೇರಿ ಹುಡುಗನ ಹತ್ತಿರ, ಬೋರ್ಡು ತೊಳೆಯಲು ಅವರು ಕ್ಯಾನುಗಟ್ಟಲೆ ಇಟ್ಟಿರುತ್ತಾರೆ.

ಕೈಗವಸು ಹಾಕಿ, ಗಾಜ್ ನೆನೆಸಿ, ಒರೆಸಲು ಹೋದವನನ್ನು ನಾನೇ ನಿಲ್ಲಿಸಿಕೊಂಡೆ. ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದು ಕೇಬಲ್ ನೋಡುವ ಮೊದಲು ಎರಡು ವೈರನ್ನು ಒಂದಕ್ಕೊಂದು ಮುಟ್ಟಿಸಿ ಮುಳ್ಳು ಸೊನ್ನೆಗೆ ಬರುತ್ತಾ ನೋಡುತ್ತೇವೆ. ಬಿಡಿಸಿ ಹಿಡಿದು ಇನ್‌ಫಿನಿಟಿಗೆ ಹೋಗುತ್ತಾ ನೋಡುತ್ತೇವೆ. ಇಲ್ಲದಿದ್ದರೆ ಕೇಬಲ್ಲಿನ ದೋಷವೋ ಮೆಗ್ಗರಿನ ದೋಷವೋ ಗೊತ್ತಾಗುವುದಿಲ್ಲ. ಮೇಷ್ಟ್ರಿಗೆ ಇದನ್ನು ಹೇಳಿದರೆ ಖುಷಿಯಾದರು. ಹಾಗಾಗಿ ಒಂದು ಗಾಜ್ ಬಟ್ಟೆಯನ್ನು ನೆನೆಸಿ, ಗೋಡೆಗೆ ಮುಟ್ಟಿಸದೆ ಹಾಗೇ ಬಾಟಲಿಗೆ ಹಾಕಿದೆವು. ಇನ್ನೊಂದನ್ನು ಹಿಂದಿನ ದಿನವೇ ಸರಸ್ವತಿಪುರಂನ ನಮ್ಮ ಮನೆಯ ಹಾಲಿನಲ್ಲಿ ಒರೆಸಿ ತಂದಿದ್ದೆ. "ನಮ್ಮ ಮನೆ ಗೋಡೆ ಯಾಕ್ರೀ? ಯಾರಾದ್ರೂ ಕೇಳಿಸ್ಕೊಂಡ್ರೆ ಏನಂತಾರೆ?" ಎಂದು ಅದಕ್ಕೂ ಜಗಳ ಆಗಿತ್ತು. ಇನ್‌ಫಿನಿಟಿ ಸಿಕ್ಕಿತು, ಸೊನ್ನೆ ಸಿಗಲಿಲ್ಲ. ಮೆತ್ ಇದ್ದೇ ಇದೆ ಎಂದು ಗೊತ್ತಿರುವ ವಸ್ತುವಿನ ಮೇಲೆ ಪಟ್ಟಿಯನ್ನು ಪರೀಕ್ಷಿಸೋಣ ಅಂದರೆ ಅದನ್ನು ತರುವುದೆಲ್ಲಿಂದ, ತಂದರೆ ಹೋಗುವುದೆಲ್ಲಿಗೆ.

ಒರೆಸುವುದಕ್ಕೂ ಒಂದು ಕ್ರಮ. ಗಾಜ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಚೌಕದ ಮೇಲಿನ ಎಡ ಮೂಲೆಯಿಂದ ಬಲಕ್ಕೆ, ಅಲ್ಲಿಂದ ಸ್ವಲ್ಪ ಕೆಳಗೆ ಎಡಕ್ಕೆ, ಹೀಗೆ ಉಳುಮೆ ಮಾಡಿದ ಹಾಗೆ ಬುಡದವರೆಗೆ. ಆಮೇಲೆ ಒರೆಸಿದ ಮುಖ ಒಳಗೆ ಹೋಗುವಂತೆ ಮಡಿಚಿ, ಈಗ ಮೇಲಿಂದ ಕೆಳಕ್ಕೆ ಅದೇ ಉಳುಮೆ. ಮತ್ತೆ ಮಡಿಚಿ ಬಾಟಲಿಗೆ. ಜಾಗ ಬದಲಾದರೆ ಕೈಗವಸೂ ಬದಲು. ಇಲ್ಲದಿದ್ದರೆ ರೂಮಿನದನ್ನು ಅಡುಗೆಮನೆಗೆ ನಾವೇ ಹೊತ್ತುಕೊಂಡು ಹೋದಂತೆ. ಕೇಳಲು ಸುಲಭ. ನಮ್ಮ ಗೋಡೆಯ ಮೇಲೆ ಮಾಡಿ ನೋಡಿದರೆ ಕಷ್ಟ. ಈ ಕ್ರಮವೆಲ್ಲ ಬಣ್ಣ ಬಳಿದ ನುಣುಪಾದ ಗೋಡೆಗೆ ಹೇಳಿ ಮಾಡಿಸಿದ್ದು. ನಮ್ಮದು ಅಪ್ಪ ವರ್ಷವರ್ಷ ಯುಗಾದಿಗೆ ಹೊಡೆಸುತ್ತಿದ್ದ ಸುಣ್ಣದ ಗೋಡೆ. ಬಟ್ಟೆಗೆ ಸುಣ್ಣದ ಹಿಟ್ಟೇ ಬಂತು, ಉರುಟು ಗೋಡೆಗೆ ನೂಲು ಸಿಕ್ಕಿಕೊಂಡು ಹರಿಯಿತು.

ಪಟ್ಟಿಯ ಭಾಷೆ ತಿರುಗಾಮುರುಗಾ. ಸಿ ಎಂಬ ಕಡೆ ಒಂದು ಗೆರೆ ಬರಲೇಬೇಕು, ಬರದಿದ್ದರೆ ಪಟ್ಟಿಯೇ ಕೆಟ್ಟಿದೆ ಎಂದು. ಟಿ ಎಂಬ ಕಡೆ ಗೆರೆ ಬಂದರೆ ಮೆತ್ ಇಲ್ಲ, ಗೆರೆ ಬರದಿದ್ದರೆ ಇದೆ. ಹಾಲಿನ ಕಿಟಕಿ ಚೌಕಟ್ಟು: ಎರಡು ಗೆರೆ. ಅಡುಗೆಮನೆಯ ಟೈಲ್ಸು: ಎರಡು ಗೆರೆ. ನಮ್ಮಾಕೆ "ಇನ್ನೇನು ಬಿಡಿ" ಅಂದಳು. ರೂಮಿನ ಗೋಡೆ: ಒಂದು ಗೆರೆಯೂ ಇಲ್ಲ, ಸಿ ಕೂಡ ಇಲ್ಲ. ಸುಣ್ಣದ ನೀರು ಪಟ್ಟಿಯನ್ನೇ ಕೊಂದುಹಾಕಿತ್ತು. ಕಪಾಟಿನ ಬಾಗಿಲು, ಆಯಿಲ್ ಪೇಂಟ್ ಹೊಡೆದದ್ದು: ಸಿ ಗೆರೆ ಗಟ್ಟಿಯಾಗಿ, ಟಿ ಕಡೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು ಗುಲಾಬಿ. ನಾನು ಇಲ್ಲ ಅಂದೆ, ಮೇಷ್ಟ್ರು ಇದೆ ಅಂದರು. ನಮ್ಮಾಕೆ ಅದನ್ನು ಹೊರಗೆ ಬಿಸಿಲಿಗೆ ಒಯ್ದು, ಕನ್ನಡಕ ಹಣೆಗೇರಿಸಿ, "ಕುಂಕುಮ ಒರೆಸಿದ ಮೇಲೆ ಉಳಿಯುತ್ತಲ್ಲ, ಹಾಗೆ ಇದೆ" ಅಂದಳು. ತೆಳುವಾದರೂ ಗೆರೆ ಗೆರೆಯೇ, ಅದು ಇಲ್ಲ ಎಂದೇ ಲೆಕ್ಕ ಎಂದು ಕವರಿನಲ್ಲಿ ಬರೆದಿತ್ತು. ಯಾರಿಗೂ ಸಮಾಧಾನ ಆಗಲಿಲ್ಲ. ಕೊನೆಗೆ ಸ್ಟೂಲು ಹತ್ತಿ ಫ್ಯಾನಿನ ರೆಕ್ಕೆಯ ಮೇಲ್ಭಾಗ ಒರೆಸಿದೆ. ಧೂಳು ಜಿಡ್ಡಿನ ಹಾಗೆ ಅಂಟಿತ್ತು. ಸಿ ಗೆರೆ ಬಂತು. ಟಿ ಕಡೆ ಐದು ನಿಮಿಷ ಕಾದರೂ ಬಿಳೀ ಬಟಾಬಯಲು. ಹೊಗೆ ಮೇಲಕ್ಕೇ ಹೋಗಿ ಕೂರುತ್ತದೆ ಅಂತ ಮೇಷ್ಟ್ರು ಮೆಲ್ಲಗೆ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಚಪಾತಿ ಹಾಗೇ ವಾಪಸ್ ಬಂತು.

ಲ್ಯಾಬಿಗೆ ಆರು ಸ್ಯಾಂಪಲ್ಲು: ಮುಟ್ಟಿಸದ ಗಾಜ್ ಬಟ್ಟೆ, ನಮ್ಮ ಮನೆ, ತೋಟದ ಮನೆಯ ಹಾಲು, ರೂಮಿನ ಗೋಡೆ, ಕಪಾಟು, ಫ್ಯಾನು. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಜೊತೆ ಇಟ್ಟುಕೊಂಡು ಮೆಜೆಸ್ಟಿಕ್ ಬಸ್ಸಿನಲ್ಲಿ ಹೋದೆ. ಸ್ಯಾಂಪಲ್ ಯಾರು ತೆಗೆದರು, ಎಷ್ಟು ಹೊತ್ತಿಗೆ, ಯಾರ ಕೈಯಿಂದ ಯಾರ ಕೈಗೆ ಎಂಬ ಒಂದು ಹಾಳೆ ತುಂಬಿಸಿಕೊಂಡರು. ಬಿಲ್ಲು 31,860.

ಹನ್ನೊಂದನೇ ದಿನ ರಿಪೋರ್ಟು ಬಂತು. ನೂರು ಚದರ ಸೆಂಟಿಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಮುಟ್ಟಿಸದ ಗಾಜ್ ಬಟ್ಟೆ, ನಮ್ಮ ಮನೆ: ಪತ್ತೆಯಿಲ್ಲ. ತೋಟದ ಮನೆಯ ಹಾಲು 0.3. ರೂಮಿನ ಗೋಡೆ 2.1. ಕಪಾಟು 6.4. ಫ್ಯಾನು 19. ಕೆಳಗೆ ಸಹಿ, ಸೀಲು. ಪಾಸೋ ಫೇಲೋ ಎಂದು ಎಲ್ಲೂ ಇಲ್ಲ. ಫೋನ್ ಮಾಡಿದೆ. "ಎಷ್ಟಿದೆ ಅಂತ ಹೇಳೋದು ನಮ್ಮ ಕೆಲಸ ಸಾರ್, ಎಷ್ಟಿರಬಹುದು ಅಂತ ಇದಕ್ಕೆ ನಮ್ಮಲ್ಲಿ ನಂಬರ್ ಇಟ್ಟಿಲ್ಲ" ಅಂದರು. ಇಲಾಖೆಯಲ್ಲಿದ್ದಾಗ ಇಂತಿಷ್ಟು ಮೆಗಾಓಮಿಗಿಂತ ಕೆಳಗೆ ಬಂದರೆ ಕೇಬಲ್ ಫಾಲ್ಟಿ ಎಂದು ಸರ್ಕ್ಯುಲರ್ ಇರುತ್ತಿತ್ತು. ಸರ್ಕ್ಯುಲರ್ ಇಲ್ಲದ ರೀಡಿಂಗನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದಿದ್ದೆ.

ಮಗಳು ಅರ್ಧ ಕಿವಿಗೆ ಹೇಳಿದ್ದ ಕಥೆಯನ್ನು ಆಗ ಪೂರ್ತಿ ಕೇಳಿದೆ. ಇದೇ ಅಳತೆಯಲ್ಲಿ ಆಸ್ಟ್ರೇಲಿಯಾದವರು 2011ರಲ್ಲಿ ಹಾಕಿದ ಮಿತಿ 0.5. ಕ್ಯಾಲಿಫೋರ್ನಿಯಾದ್ದು 1.5. ಅದನ್ನು ಲೆಕ್ಕ ಹಾಕುವಾಗ ಅವರ ಕಣ್ಣ ಮುಂದೆ ಇದ್ದದ್ದು ನೆಲದ ಮೇಲೆ ತೆವಳುವ ಮಗು. ನ್ಯೂಜಿಲೆಂಡಿನವರು 2017ರಲ್ಲಿ ಇಟ್ಟುಕೊಂಡದ್ದೂ 1.5. ಅಲ್ಲಿನ ಸರ್ಕಾರಿ ವಸತಿ ಸಂಸ್ಥೆ ಇಂಥ ಸಣ್ಣ ಸಂಖ್ಯೆಗಳನ್ನು ಹಿಡಿದುಕೊಂಡು ಬಾಡಿಗೆದಾರರನ್ನು ಹೊರಹಾಕಿತು, ಎಷ್ಟೋ ಜನರ ಹಾಸಿಗೆ, ಸೋಫಾ ಎಲ್ಲ ಕಸಕ್ಕೆ ಹೋಯಿತು. 2018ರ ಮೇನಲ್ಲಿ ಪ್ರಧಾನಿಯ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದ ಪೀಟರ್ ಗ್ಲಕ್‌ಮನ್ ಒಂದು ವರದಿ ಕೊಟ್ಟರು. ಬರೀ ಸೇದಿದ್ದರಿಂದ ಗೋಡೆಗೆ ಹತ್ತಿದ ಅಂಶದಿಂದ ಆಮೇಲೆ ವಾಸಕ್ಕೆ ಬಂದವರಿಗೆ ಹಾನಿಯಾದದ್ದಕ್ಕೆ ಪ್ರಕಟವಾದ ಪುರಾವೆ ಇಲ್ಲ, ಸಣ್ಣ ಸಂಖ್ಯೆಗಳು ತಯಾರಿಸಿದ ಮನೆಗಳನ್ನು ತೊಳೆದ ಮೇಲೆ ನೋಡಲು ಇಟ್ಟುಕೊಂಡವು, ತಯಾರಿಕೆಯ ಅನುಮಾನ ಇಲ್ಲದ ಕಡೆ 15ರವರೆಗೂ ತೊಂದರೆಯಾಗುವ ಸಂಭವ ಕಡಿಮೆ ಎಂದು ಅದರ ಸಾರ. ಆ ವರ್ಷ ಸೆಪ್ಟೆಂಬರಿನಲ್ಲಿ ಸಂಸ್ಥೆ ಕ್ಷಮೆ ಕೇಳಿತು. ತೊಂದರೆಗೆ ಒಳಗಾದ ಬಾಡಿಗೆದಾರರು ಸುಮಾರು 800.

ನನ್ನ ರಿಪೋರ್ಟನ್ನು ಇದರ ಪಕ್ಕ ಇಟ್ಟು ನೋಡಿದೆ. ಹಾಲು ಆಸ್ಟ್ರೇಲಿಯಾದಲ್ಲೂ ಪಾಸು. ರೂಮಿನ ಗೋಡೆ ಕ್ಯಾಲಿಫೋರ್ನಿಯಾದಲ್ಲಿ ಫೇಲು, ಗ್ಲಕ್‌ಮನ್ ಲೆಕ್ಕದಲ್ಲಿ ಆರಾಮಾಗಿ ಪಾಸು. ಕಪಾಟೂ ಹಾಗೇ. ಫ್ಯಾನು ಎಲ್ಲೂ ಪಾಸಾಗುವುದಿಲ್ಲ, ಆದರೆ ಫ್ಯಾನಿನ ರೆಕ್ಕೆಯ ಮೇಲೆ ಯಾವ ಮಗುವೂ ತೆವಳುವುದಿಲ್ಲ.

ಮೇಷ್ಟ್ರು ಇನ್ನೊಂದು ಲೆಕ್ಕ ಮಾಡಿದರು, ನನ್ನ ಎದೆಬಡಿತ ಇಳಿಸಿದ್ದು ಅದೇ. ರೂಮು ಹತ್ತಕ್ಕೆ ಹನ್ನೆರಡು ಅಡಿ, ಎತ್ತರ ಹತ್ತು. ಗೋಡೆ ಮತ್ತು ಛಾವಣಿ ಸೇರಿ 560 ಚದರ ಅಡಿ. ನನ್ನ ಎಕ್ಸ್‌ರೇ ಚೌಕದಲ್ಲಿ ಹೇಳುವುದಾದರೆ ಸುಮಾರು 5,200 ಚೌಕ. ಒಂದೊಂದಕ್ಕೂ 2.1 ಎಂದಿಟ್ಟುಕೊಂಡರೆ ಇಡೀ ರೂಮಿನ ಗೋಡೆಗಳಲ್ಲಿರುವುದು 11 ಮಿಲಿಗ್ರಾಂ. ಅಮೆರಿಕದಲ್ಲಿ ಇದೇ ವಸ್ತುವನ್ನು ಡೆಸಾಕ್ಸಿನ್ ಹೆಸರಿನಲ್ಲಿ, ಗಮನ ಕೇಂದ್ರೀಕರಿಸಲಾಗದ ಮಕ್ಕಳಿಗೆ 5 ಮಿಲಿಗ್ರಾಂ ಮಾತ್ರೆಯಾಗಿ ಡಾಕ್ಟರರು ಬರೆದುಕೊಡುತ್ತಾರೆ. ಅಂದರೆ ನನ್ನ ನಿದ್ದೆ ಕೆಡಿಸಿದ್ದ ನಾಲ್ಕು ಗೋಡೆ ಮತ್ತು ಛಾವಣಿ ಎರಡು ಮಾತ್ರೆ. ಸುಣ್ಣದೊಳಗೆ ಇಳಿದು ಬಟ್ಟೆಗೆ ಸಿಗದೇ ಹೋದದ್ದನ್ನು ಸೇರಿಸಿ ಎರಡರಷ್ಟು ಅಂದುಕೊಂಡರೂ ನಾಲ್ಕು. ಮಗು ಗೋಡೆಯನ್ನೆಲ್ಲ ನೆಕ್ಕಿ ಮುಗಿಸುವುದೂ ಇಲ್ಲ. ಆದರೂ ಒಂಬತ್ತು ತಿಂಗಳ ಕೂಸಿಗೆ ಸೊನ್ನೆ ಮಾಡಲು ಸಾಧ್ಯವಿರುವಾಗ ಎರಡು ಮಾತ್ರೆಯ ರೂಮಿಗೆ ಬಿಡುವುದು ಯಾಕೆ? ತೊಳೆಯುವುದು ಎಂದಾಯಿತು.

ನಮ್ಮಾಕೆ ಅಷ್ಟರಲ್ಲಿ ಪುರೋಹಿತರನ್ನು ಕಂಡು ಗಣಹೋಮಕ್ಕೆ ದಿನ ಗೊತ್ತು ಮಾಡಿಬಿಟ್ಟಿದ್ದಳು. ಎರಡನೇ ಸ್ಯಾಂಪಲ್ ಆಗುವ ತನಕ ಬೇಡ, ಹೋಮದ ಹೊಗೆ ಗೋಡೆಗೆ ಹೊಸ ಪದರ ಕೂರಿಸುತ್ತೆ ಎಂದು ಅಡ್ಡ ಬಂದೆ. "ದೇವರಿಗೂ ನಿಮ್ಮ ಲ್ಯಾಬಿನ ಪರ್ಮಿಷನ್ ಬೇಕಾ?" ಅಂದಳು. ಹತ್ತು ದಿನ ಮುಂದಕ್ಕೆ ಹೋಯಿತು.

ಹುಡುಗರ ಮಂಚದ ಹಾಸಿಗೆ, ಪರದೆ ಹೊರಗೆ ಹೋದವು. ತಾತ ಹಾಸಿಗೆಯನ್ನು ಕೇಳಿದ, ಕೊಡಲಿಲ್ಲ, ಬದಲಿಗೆ ಹೊಸದಕ್ಕೆ ದುಡ್ಡು ಕೊಟ್ಟೆ. ಫ್ಯಾನಿನ ರೆಕ್ಕೆಗಳನ್ನು ಬಗ್ಗಿಸಿ ಗುಜರಿಗೆ ಹಾಕಿದೆ, ಹಾಗೇ ಕೊಟ್ಟರೆ ಯಾರ ಮನೆಯಲ್ಲೋ ತಿರುಗುತ್ತಿರುತ್ತದೆ. ಸುಣ್ಣದ ಗೋಡೆಯನ್ನು ಮೊದಲು ಒದ್ದೆ ಮಾಡಿ, ಧೂಳೇಳದಂತೆ ಕೆರೆಸಿದೆವು. ಆಮೇಲೆ ಬಿಸಿನೀರು, ಬಟ್ಟೆ ಸೋಪಿನ ಪುಡಿ, ಛಾವಣಿಯಿಂದ ಶುರುಮಾಡಿ ಕೆಳಕ್ಕೆ, ತೊಳೆದು ಶುದ್ಧ ನೀರಿನಲ್ಲಿ ಒರೆಸುವುದು. ಹೀಗೆ ಮೂರು ಸಲ, ಪ್ರತಿ ಸಲ ಹೊಸ ಬಟ್ಟೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಅಮೆರಿಕದ ಪರಿಸರ ಇಲಾಖೆ ಮೆತ್ ತಯಾರಿಸಿದ ಮನೆಗಳ ಗೋಡೆಗೆ ಬರೆದಿರುವ ಸಲಹೆಯೂ ಬರೀ ಸೋಪು ನೀರು, ಮೂರು ಸಲ. ಕೆಲಸಕ್ಕೆ ಬಂದ ಇಬ್ಬರಿಗೂ ಯಾಕೆಂದು ಹೇಳಿ, ಮಾಸ್ಕು, ಕೈಗವಸು ಕೊಟ್ಟು, ದಿನಕ್ಕೆ ಇನ್ನೂರು ಹೆಚ್ಚು ಕೊಟ್ಟೆ. ಅವರಲ್ಲೊಬ್ಬ ಎರಡನೇ ಸಲಕ್ಕೇ ಪ್ರೈಮರ್ ಡಬ್ಬ ತೆರೆಯಲು ಹೋಗಿದ್ದ. ಮೇಷ್ಟ್ರು ಓಡಿಹೋಗಿ ಮುಚ್ಚಳ ಹಿಡಿದರು. ಬಣ್ಣ ಹೊಡೆದ ಮೇಲೆ ಒರೆಸಿದರೆ ಸರ್ಟಿಫಿಕೇಟು ಸಿಗುವುದು ಬಣ್ಣಕ್ಕೆ. ನೀರಿನ ಬಣ್ಣದ ಕೆಳಗೆ ಉಳಿದದ್ದು ತಿಂಗಳುಗಳ ಮೇಲೆ ಮೆಲ್ಲಗೆ ಮೇಲಕ್ಕೆ ಬರುವುದೂ ಉಂಟು.

ಈ ನಡುವೆ ಆ ಹುಡುಗರಲ್ಲಿ ಒಬ್ಬನ ಅಪ್ಪ ಬಂದರು. ಬಿಳೀ ಪಂಚೆ, ಕೈಯಲ್ಲಿ ಕವರು. ಕಟ್ಟೆಯ ಮೇಲೆ ಕೂತು ಗೋಡೆ ತೊಳೆಯುವುದನ್ನೇ ನೋಡುತ್ತಿದ್ದರು. ಅಡ್ವಾನ್ಸ್ ಕೇಳಲು ಬಂದಿರಬೇಕು ಅಂದುಕೊಂಡೆ. "ಇಟ್ಕೊಳ್ಳಿ ಸಾರ್, ನಿಮ್ಮನೇನ ಹಾಳು ಮಾಡಿಬಿಟ್ರು" ಅಂದರು. ಲ್ಯಾಬಿನ ಬಿಲ್ಲು ಮುರಿದುಕೊಂಡು ಉಳಿದ 18,140 ರೂಪಾಯಿ ಕೊಟ್ಟೆ. ಎಣಿಸದೆ ಕವರಿಗೆ ಹಾಕಿಕೊಂಡರು. ಅವರ ಹತ್ತಿರ ಏನು ಮಾತಾಡಬೇಕೋ ತಿಳಿಯಲಿಲ್ಲ, ಎಳನೀರು ಕೆತ್ತಿಸಿಕೊಟ್ಟೆ.

ಎರಡನೇ ಸಲ ಎರಡೇ ಸ್ಯಾಂಪಲ್ಲು, ಗೋಡೆ ಮತ್ತು ಕಪಾಟು, ಹಳೆಯ ಚೌಕದ ಪಕ್ಕದಲ್ಲೇ. ಗೋಡೆ: ಪತ್ತೆಯಿಲ್ಲ. ಕಪಾಟು: 0.6. ಮೇಷ್ಟ್ರು ನಕ್ಕರು. 0.5ಕ್ಕೂ 0.6ಕ್ಕೂ ವ್ಯತ್ಯಾಸ ಹೇಳುವಷ್ಟು ಕರಾರುವಾಕ್ಕಾಗಿ ಒರೆಸುವುದು ನಮ್ಮಿಬ್ಬರ ಕೈಯಲ್ಲಿ ಸಾಧ್ಯವಿಲ್ಲ, ಬಿಟ್ಟುಬಿಡಿ ಅಂದರು. ಸಂಖ್ಯೆಗಳ ಬಗ್ಗೆ ಇಷ್ಟೆಲ್ಲ ತಿಳಿದುಕೊಂಡ ಮೇಲೂ ನಾನು ಮಾರನೆಯ ದಿನ ಹೋಗಿ ಆ ಕಪಾಟಿನ ಎರಡು ಬಾಗಿಲನ್ನೂ ಕೀಲು ಬಿಚ್ಚಿ ತೆಗೆಸಿ, ಹೊಸ ಪ್ಲೈವುಡ್ ಹಾಕಿಸಿದೆ. ಲೆಕ್ಕದ ಪ್ರಕಾರ ದಂಡ. ಆ ಅಂಗೈಯ ಗುರುತು ಅಲ್ಲೇ ಇತ್ತಲ್ಲ.

ಮಧುಗಿರಿಯ ದಂಪತಿಯನ್ನು ಕರೆಸಿ, ಎರಡೂ ರಿಪೋರ್ಟು ಮುಂದಿಟ್ಟು, ಪೊಲೀಸ್ ಬಂದದ್ದರಿಂದ ಹಿಡಿದು ಎಲ್ಲ ಹೇಳಿದೆ. ಹೇಳಬೇಡಿ ಅಂತ ಮೂರು ಜನ ಹೇಳಿದ್ದರು. ಆತ ರಿಪೋರ್ಟನ್ನು ಎರಡು ಸಲ ತಿರುವಿದ. ಹೆಂಡತಿಯ ಮುಖ ನೋಡಿದ. "ಹಂಗಾದ್ರೆ ಬಾಡಿಗೆ ಐನೂರು ಕಮ್ಮಿ ಮಾಡ್ಕೊಳ್ಳಿ ಸಾರ್" ಅಂದ. ಏಳೂವರೆ ಸಾವಿರಕ್ಕೆ ಒಪ್ಪಿಗೆಯಾಯಿತು. ಪೊಲೀಸ್ ವೆರಿಫಿಕೇಷನ್ ಮಾಡಿಸ್ತೀನಿ ಅಂದರೆ ಆತ ನಕ್ಕು "ಮಾಡ್ಸಿ ಮಾಡ್ಸಿ" ಅಂದ.

ಅಗ್ರಿಮೆಂಟು ಟೈಪ್ ಮಾಡಿಸಲು ಕೋರ್ಟಿನ ಎದುರಿನ ಅಂಗಡಿಗೆ ಹೋದೆವು. ಎರಡನೇ ರಿಪೋರ್ಟಿನ ಸಂಖ್ಯೆಗಳನ್ನು ಷೆಡ್ಯೂಲಿನಲ್ಲಿ ಸೇರಿಸಬೇಕು, ಮನೆ ಬಿಡುವಾಗಲೂ ಇಷ್ಟೇ ಇರಬೇಕು ಅಂದೆ. ಹುಡುಗ ಟೈಪ್ ಮಾಡುತ್ತ ನಿಲ್ಲಿಸಿದ. "ಸಾರ್, ಇದೇನಿದು, ಯು ಅಕ್ಷರಕ್ಕೆ ಬಾಲ ಇದೆಯಲ್ಲ? ಕೀಬೋರ್ಡಲ್ಲಿ ಸಿಕ್ತಾ ಇಲ್ಲ." ಮೈಕ್ರೋ ಅಂತ ಹೇಳಿದೆ. "ಅದಿಲ್ಲದೆ ಬರೀ ಗ್ರಾಂ ಅಂತ ಹಾಕ್ಲಾ?" ಅಂದ. ಬೇಡಪ್ಪ, ಹಾಗೆ ಹಾಕಿದರೆ ನಾವಿಬ್ಬರೂ ಒಳಗಿರ್ತೀವಿ, ಖಾಲಿ ಬಿಡು ಅಂದೆ. ಪ್ರಿಂಟ್ ಬಂದ ಮೇಲೆ ಖಾಲಿ ಬಿಟ್ಟ ಜಾಗದಲ್ಲಿ ಆ ಬಾಲದ ಅಕ್ಷರವನ್ನು ಪೆನ್ನಿನಲ್ಲಿ ನಾನೇ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಎರಡೂ ಪ್ರತಿಯಲ್ಲಿ.